ರಿವರ್ಸ್‌ನಲ್ಲಿ ಟ್ರೇಲರ್ ತಳ್ಳುವಾಗ ಗಾಡಿಗೆ ಪುಲ್ಲಿಂಗ್ ಇಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮೇ ಕೊನೆಯ ವಾರ ಬಂತೆಂದರೆ ಮಲ್ಪೆ, ಪಡುಕೆರೆ, ಉದ್ಯಾವರದ ಕಡೆ ಒಂದೇ ಗಡಿಬಿಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ದೊಡ್ಡ ಬೋಟುಗಳು ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಸಣ್ಣ ಫೈಬರ್ ದೋಣಿಗಳನ್ನು ಕೆಲವರು ಟ್ರೇಲರಿಗೆ ಹತ್ತಿಸಿ ಮನೆ ಅಂಗಳಕ್ಕೆ ತರುತ್ತಾರೆ. ನನ್ನ ಹತ್ತಿರ ಒಂದು ಡೀಸೆಲ್ ಪಿಕಪ್ ಉಂಟು. ಆ ವಾರ ನನಗೆ ಇದೇ ಕೆಲಸ.

ಎರಡು ವರ್ಷದ ಹಿಂದೆ ಒಂದು ದೋಣಿಯನ್ನು ಗುಡ್ಡೆಯ ಮೇಲಿನ ಮನೆಗೆ ಹಿಂದೆ ಹಿಂದೆ ಹತ್ತಿಸಬೇಕಿತ್ತು. ಮೇಲೆ ತಿರುಗಿಸಲು ಜಾಗ ಇರಲಿಲ್ಲ, ಹಾಗಾಗಿ ರಿವರ್ಸ್‌ನಲ್ಲೇ ಹೋಗಬೇಕು. ಅರ್ಧ ಏರು ಹತ್ತಿದ ಗಾಡಿ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ನಡುಗುತ್ತಾ ಕೂರುತ್ತಿತ್ತು. ಕ್ಲಚ್ ಅರ್ಧ ಹಿಡಿದು ಮತ್ತೆ ಮತ್ತೆ ನೋಡಿದೆ. ಸುಟ್ಟ ವಾಸನೆ ಬಂತು. ಮರುದಿನ ಗ್ಯಾರೇಜಿಗೆ ಒಯ್ದರೆ, ವಾಸನೆ ನೋಡಿದವರೇ ಕ್ಲಚ್ ಹೋಗಿದೆ ಅಂದರು. ಗೇರ್‌ಬಾಕ್ಸ್ ಇಳಿಸಿದರು. ಎರಡು ದಿನ ಹೋಯಿತು. ಪ್ಲೇಟ್‌ನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಜೀವ ಇತ್ತು.

ಆಮೇಲೆ ಟ್ರೇಲರಿಗೆ ಬೆಸುಗೆ ಹಾಕುವ ಅಣ್ಣ ಒಬ್ಬರು ಕೇಳಿದ್ದು ಒಂದೇ ಮಾತು: "ಮಾರಾಯ್ರೇ, ಟ್ರೇಲರ್ ಕಳಚಿ ಅದೇ ಏರಲ್ಲಿ ರಿವರ್ಸ್ ಹೋಗಿ ನೋಡಿದ್ದೀರಾ?" ನೋಡಿರಲಿಲ್ಲ. ನೋಡಿದರೆ ಗಾಡಿ ಸಲೀಸಾಗಿ ಹತ್ತಿತು. ತೊಂದರೆ ಗಾಡಿಯದ್ದಲ್ಲ, ಟ್ರೇಲರಿನ ಬ್ರೇಕಿನದ್ದು. ಸುಟ್ಟ ವಾಸನೆ ನಾನು ಕ್ಲಚ್ ಎಳೆದಾಡಿದ್ದರಿಂದ ಬಂದದ್ದು. ಅದು ರೋಗ ಅಲ್ಲ, ರೋಗದಿಂದ ಆದ ಗಾಯ.

ಅಂದಿನಿಂದ ಯಾರ ಗಾಡಿಗೆ ಈ ತೊಂದರೆ ಬಂದರೂ ಒಂದು ಕ್ರಮದಲ್ಲಿ ನೋಡುತ್ತೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಕೊನೆಗೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಿವರ್ಸ್‌ಗೆ ಮಾತ್ರ ಯಾಕೆ ಹೀಗೆ?

ಒಂದು ವಿಷಯ ಮೊದಲು ತಲೆಯಲ್ಲಿರಲಿ. ಮುಂದೆ ಹೋಗುವಾಗ ಇರುವ ಎಂಜಿನ್, ಕ್ಲಚ್, ಹಿಂದಿನ ಆಕ್ಸಲ್‌ನ ಹೌಸಿಂಗ್ ಎಲ್ಲ ಹಿಂದೆ ಹೋಗುವಾಗಲೂ ಅದೇ. ಮ್ಯಾನುವಲ್ ಗಾಡಿಯಲ್ಲಿ ರಿವರ್ಸ್ ಗೇರಿನ ಅನುಪಾತ ಸಾಮಾನ್ಯವಾಗಿ ಒಂದನೇ ಗೇರಿನ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಎಳೆಯುವ ತಾಕತ್ತು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು.

ಹಾಗಾದರೆ ಅದೇ ಲೋಡನ್ನು ಅದೇ ಏರಿನಲ್ಲಿ ಒಂದನೇ ಗೇರಿನಲ್ಲಿ ಎಳೆಯುವ ಗಾಡಿ ರಿವರ್ಸ್‌ನಲ್ಲಿ ತಳ್ಳುವುದಿಲ್ಲ ಎಂದರೆ, ಎರಡರ ನಡುವೆ ಬದಲಾಗುವ ಸಂಗತಿಗಳನ್ನು ಮಾತ್ರ ಹುಡುಕಿದರೆ ಸಾಕು. ಅವು ಕೆಲವೇ. ಟ್ರೇಲರಿನ ಬ್ರೇಕ್, ಚಕ್ರಗಳ ಮೇಲೆ ಭಾರ ಬೀಳುವ ರೀತಿ, ಟ್ರೇಲರ್ ನಿಂತ ಕೋನ, ಆಟೋಮ್ಯಾಟಿಕ್ ಆಗಿದ್ದರೆ ರಿವರ್ಸಿಗೆ ಮಾತ್ರ ಹಿಡಿಯುವ ಒಳಗಿನ ಕ್ಲಚ್, ಮತ್ತೆ ಹೊಸ ಗಾಡಿಯಾಗಿದ್ದರೆ ಕಂಪ್ಯೂಟರ್ ಹಾಕುವ ಮಿತಿ.

ಒಂದನೇ ಗೇರಿನಲ್ಲೂ ಎಳೆಯುವುದಿಲ್ಲ ಅಂದರೆ ಅದು ರಿವರ್ಸ್ ತೊಂದರೆಯೇ ಅಲ್ಲ. ಎಂಜಿನ್, ಕ್ಲಚ್ ಇಲ್ಲವೇ ಹಿಡಿದುಕೊಂಡ ಬ್ರೇಕ್ ಕಡೆ ನೋಡಬೇಕು.

ಮೊದಲ ಹೆಜ್ಜೆ: ಮುಳ್ಳು ನೋಡಿ, ಕಿವಿ ಕೊಡಿ

"ಪುಲ್ಲಿಂಗ್ ಇಲ್ಲ" ಅನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆ ಅಡಗಿರುತ್ತವೆ. ಯಾವುದು ಎಂದು ಹೇಳುವುದು ಆರ್‌ಪಿಎಂ ಮುಳ್ಳು, ಅಂದರೆ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಮೀಟರಿನಲ್ಲಿ ತೋರಿಸುವ ಮುಳ್ಳು. ಮುಳ್ಳಿಲ್ಲದ ಗಾಡಿಯಾದರೆ ಎಂಜಿನ್ ಸದ್ದು ಸಾಕು.

ಎಂಜಿನ್ ರೈ ಎಂದು ಏರುತ್ತದೆ, ಚಕ್ರ ತಿರುಗುವುದಿಲ್ಲ, ಗಾಡಿ ಅಲುಗುವುದಿಲ್ಲ. ಇದು ಜಾರುವಿಕೆ. ಮ್ಯಾನುವಲ್ ಆದರೆ ಕ್ಲಚ್, ಆಟೋಮ್ಯಾಟಿಕ್ ಆದರೆ ಎಣ್ಣೆ, ಪ್ರೆಶರ್ ಅಥವಾ ಒಳಗಿನ ಕ್ಲಚ್.

ಎಂಜಿನ್ ಏರುವುದೇ ಇಲ್ಲ, ದಬದಬ ನಡುಗಿ ಆಫ್ ಆಗಲು ನೋಡುತ್ತದೆ. ಯಾವುದೋ ಒಂದು ಗಾಡಿಯನ್ನು ಹಿಡಿದುಕೊಂಡಿದೆ, ಇಲ್ಲವೇ ಎಂಜಿನ್‌ಗೇ ಶಕ್ತಿ ಸಾಲದು. ನನ್ನದು ಇದೇ ಆಗಿತ್ತು. ಅವತ್ತು ಮುಳ್ಳು ನೋಡಿದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತೇ ಬರುತ್ತಿರಲಿಲ್ಲ.

ಎಂಜಿನ್ ಏರುತ್ತದೆ, ಹಿಂದಿನ ಚಕ್ರವೂ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಇದು ಹಿಡಿತದ ತೊಂದರೆ. ಗಾಡಿಯಲ್ಲಿ ಏನೂ ಕೆಟ್ಟಿಲ್ಲ. ಕ್ಯಾಬಿನ್ ಒಳಗೆ ಕೂತವರಿಗೆ ಇದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಒಬ್ಬರನ್ನು ಪಕ್ಕದಲ್ಲಿ ದೂರ ನಿಲ್ಲಿಸಿ ಚಕ್ರ ನೋಡಲು ಹೇಳಿ. ಟ್ರೇಲರಿನ ಹಿಂದೆ ಅಥವಾ ಗಾಡಿಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. ಮಕ್ಕಳು ದೋಣಿ ನೋಡಲು ಓಡಿ ಬರುತ್ತಾರೆ, ಅವರನ್ನು ಮೊದಲು ಜಗಲಿಗೆ ಕಳಿಸಿ.

ಎರಡನೇ ಹೆಜ್ಜೆ: ಟ್ರೇಲರ್ ಕಳಚಿ

ಸಮತಟ್ಟು ಜಾಗಕ್ಕೆ ಬನ್ನಿ. ಟ್ರೇಲರಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಏರಿನ ಮಧ್ಯೆ ಟ್ರೇಲರ್ ಕಳಚುವ ಸಾಹಸ ಬೇಡವೇ ಬೇಡ. ಕಳಚಿದ ಮೇಲೆ ಗಾಡಿಯನ್ನು ಮಾತ್ರ ಅದೇ ಏರಿಗೆ ಒಯ್ದು ನಿಧಾನ ರಿವರ್ಸ್ ಹತ್ತಿಸಿ.

ಸಲೀಸಾಗಿ ಹತ್ತಿತೇ? ಮೊದಲು ಟ್ರೇಲರನ್ನು ನೋಡಿ. ಬರಿ ಗಾಡಿಯೇ ತಿಣುಕುತ್ತದೆಯೇ? ತೊಂದರೆ ಗಾಡಿಯಲ್ಲೇ ಉಂಟು. ಆಗ ಮುಂದಿನ ಭಾಗ ಬಿಟ್ಟು, ಹಬ್ (ಚಕ್ರದ ನಡುವಿನ ಭಾಗ) ಬಿಸಿ ನೋಡುವ ನಾಲ್ಕನೇ ಹೆಜ್ಜೆಗೆ ಹೋಗಿ. ಹತ್ತು ನಿಮಿಷದ ಕೆಲಸ, ಆದರೆ ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಒಂದು ಎಚ್ಚರಿಕೆ. ಲೋಡ್ ಇಲ್ಲದೆ ಜಾರದ ಕ್ಲಚ್, ಲೋಡ್ ಬಿದ್ದಾಗ ಜಾರಬಹುದು. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಎಂಜಿನ್ ಏರಿ ಚಕ್ರ ತಿರುಗದೆ ಇದ್ದರೆ, ಬರಿ ಗಾಡಿ ಹತ್ತಿತು ಎಂದು ಕ್ಲಚ್ಚಿಗೆ ಕ್ಲೀನ್ ಚಿಟ್ ಕೊಡಬೇಡಿ.

ಮೂರನೇ ಹೆಜ್ಜೆ: ಟ್ರೇಲರಿನ ಬ್ರೇಕ್

ಊರಲ್ಲಿ ಬೆಸುಗೆ ಹಾಕಿಸಿದ ಎಷ್ಟೋ ಸಣ್ಣ ಟ್ರೇಲರುಗಳಲ್ಲಿ ಬ್ರೇಕೇ ಇರುವುದಿಲ್ಲ. ನಿಮ್ಮದು ಹಾಗಿದ್ದರೆ ಬೇರಿಂಗ್ ಸಲೀಸಾಗಿ ತಿರುಗುತ್ತದೆಯೇ ನೋಡಿ ಮುಂದೆ ಹೋಗಿ. ಆದರೆ ಕಂಪನಿ ಟ್ರೇಲರ್, ಸೆಕೆಂಡ್ ಹ್ಯಾಂಡ್ ಬೋಟ್ ಟ್ರೇಲರ್, ಕಂಪ್ರೆಸರ್ ಅಥವಾ ಜನರೇಟರ್ ಕೂರಿಸಿದ ಟ್ರೇಲರ್ ಆದರೆ ಹುಕ್ಕಿನ ಹತ್ತಿರ ಬಗ್ಗಿ ನೋಡಿ. ಹುಕ್ಕಿನ ಹಿಂದೆ ಒಳಗೆ ಹೊರಗೆ ಜಾರುವ ದಪ್ಪ ರಾಡ್ ಇದ್ದು, ಅದರ ಮೇಲೆ ರಬ್ಬರಿನ ಮಡಿಕೆ ಮಡಿಕೆ ಕವರ್ ಇದೆಯೇ? ಹಾಗಿದ್ದರೆ ಅದು ನೂಕಿದಾಗ ಹಿಡಿಯುವ ಬ್ರೇಕ್, ಓವರ್‌ರನ್ ಬ್ರೇಕ್.

ಅದರ ಕೆಲಸ ಸರಳ. ಮುಂದೆ ಹೋಗುವಾಗ ನೀವು ಗಾಡಿಯ ಬ್ರೇಕ್ ಒತ್ತಿದರೆ ಟ್ರೇಲರ್ ಹಿಂದಿನಿಂದ ನೂಕುತ್ತದೆ. ರಾಡ್ ಒಳಗೆ ಹೋಗುತ್ತದೆ. ಅದು ಟ್ರೇಲರಿನ ಬ್ರೇಕ್ ಎಳೆಯುತ್ತದೆ. ಈಗ ರಿವರ್ಸ್ ಯೋಚಿಸಿ. ನೀವು ಟ್ರೇಲರನ್ನು ತಳ್ಳಿದಾಗಲೂ ರಾಡ್ ಒಳಗೇ ಹೋಗುತ್ತದೆ! ಪಾಪ, ಟ್ರೇಲರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬ್ರೇಕ್ ಹಿಡಿಯುತ್ತದೆ. ನೀವು ಜಾಸ್ತಿ ತಳ್ಳಿದಷ್ಟೂ ಅದು ಜಾಸ್ತಿ ಹಿಡಿಯುತ್ತದೆ. ಸಮತಟ್ಟಿನಲ್ಲಿ ಸ್ವಲ್ಪವೇ ತಳ್ಳಿದರೆ ಸಾಕಾಗುವುದರಿಂದ ಗೊತ್ತಾಗುವುದಿಲ್ಲ. ಏರಿನಲ್ಲಿ ಮಾತ್ರ ಗಾಡಿ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ.

ಇದನ್ನು ತಪ್ಪಿಸಲು ಮೂರು ಬಗೆಯ ವ್ಯವಸ್ಥೆ ಇರುತ್ತದೆ. ನಿಮ್ಮದು ಯಾವುದು ಎಂದು ತಿಳಿದುಕೊಳ್ಳಿ.

ಹಳೆಯ ಟ್ರೇಲರುಗಳಲ್ಲಿ ಹುಕ್ಕಿನ ಬಳಿ ಒಂದು ಲಿವರ್ ಅಥವಾ ಪಿನ್. ರಿವರ್ಸ್ ಹೋಗುವ ಮೊದಲು ಕೆಳಗಿಳಿದು ಅದನ್ನು ಅಡ್ಡ ಹಾಕಬೇಕು, ಆಗ ರಾಡ್ ಒಳಗೆ ಹೋಗುವುದಿಲ್ಲ. ಅದು ಬಾಗಿದ್ದರೆ ಅಥವಾ ಯಾರೋ ಕಿತ್ತು ಹಾಕಿದ್ದರೆ ತೊಂದರೆ ಅಲ್ಲೇ.

ಹೈಡ್ರಾಲಿಕ್ ಬ್ರೇಕಿನ ಕೆಲವು ಟ್ರೇಲರುಗಳಲ್ಲಿ ಗಾಡಿಯ ರಿವರ್ಸ್ ಲೈಟಿನ ಕರೆಂಟ್ ಒಂದು ವಯರಿನಲ್ಲಿ ಹೋಗಿ, ಟ್ರೇಲರಿನ ವಾಲ್ವ್ ಒಂದನ್ನು ಮುಚ್ಚಿ ಬ್ರೇಕ್ ತಡೆಯುತ್ತದೆ. ಪ್ಲಗ್‌ನ ಆ ಪಿನ್ನಿಗೆ ಉಪ್ಪು ಹಿಡಿದರೆ ಕರೆಂಟ್ ಇಲ್ಲ, ಬ್ರೇಕ್ ಬಿಡುವುದಿಲ್ಲ. ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಆಫ್ ಇಟ್ಟು, ರಿವರ್ಸ್ ಗೇರ್ ಹಾಕಿದಾಗ ಆ ಪಿನ್ನಿನಲ್ಲಿ 12 ವೋಲ್ಟ್ ಬರಬೇಕು.

ಮೂರನೆಯದು ಆಟೋ ರಿವರ್ಸ್ ಹಬ್. ನನ್ನ ಟ್ರೇಲರಿನದ್ದು ಇದು. ಡ್ರಮ್ ಹಿಂದಕ್ಕೆ ತಿರುಗಿದಾಗ ಒಳಗಿನ ಒಂದು ಬ್ರೇಕ್ ಶೂ ತಾನಾಗಿ ಮಡಚಿಕೊಂಡು ಜಾಗ ಬಿಡುತ್ತದೆ. ಡ್ರಮ್ ಬಿಚ್ಚಿದಾಗ ಕಂಡದ್ದು ಇನ್ನೂ ಕಣ್ಣಲ್ಲಿದೆ. ಒಳಗೆಲ್ಲ ಕಾಫಿ ಪುಡಿಯಂಥ ತುಕ್ಕು. ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ. ಮಡಚಿಕೊಳ್ಳಬೇಕಾದ ಸಣ್ಣ ಲಿವರನ್ನು ಹೆಬ್ಬೆರಳಿನಿಂದ ಒತ್ತಿದೆ. ಅಲುಗಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ಕಟ್ ಎಂದು ಒಂದು ಕೂದಲಿನಷ್ಟು ಸರಿದು ಮತ್ತೆ ನಿಂತಿತು. ದೋಣಿ ಇಳಿಸುವಾಗೆಲ್ಲ ಟ್ರೇಲರ್ ಉಪ್ಪುನೀರಿಗೆ ಇಳಿಯುತ್ತದೆ, ಆಮೇಲೆ ನಾವು ಹಾಗೇ ನಿಲ್ಲಿಸುತ್ತೇವೆ. ಇನ್ನೇನಾಗುತ್ತದೆ?

ಬಿಚ್ಚದೆ ಪರೀಕ್ಷಿಸುವುದು ಹೀಗೆ. ಟ್ರೇಲರಿನ ಒಂದು ಚಕ್ರ ಜ್ಯಾಕ್ ಹಾಕಿ ಎತ್ತಿ. ಜ್ಯಾಕ್ ಮೇಲೆ ನಂಬಿಕೆ ಬೇಡ, ಕೆಳಗೆ ಸ್ಟ್ಯಾಂಡ್ ಕೊಡಿ. ಇನ್ನೊಂದು ಚಕ್ರಕ್ಕೆ ಕಲ್ಲು. ಈಗ ಟ್ರೇಲರಿನ ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಕೈಯಲ್ಲಿ ತಿರುಗಿಸಿ. ಎರಡೂ ಕಡೆ ಸಲೀಸಾಗಿ ತಿರುಗಬೇಕು. ಆಮೇಲೆ ಇನ್ನೊಬ್ಬರು ಹುಕ್ಕಿನ ರಾಡನ್ನು ಒಳಗೆ ಒತ್ತಿ ಹಿಡಿಯಲಿ. ಮುಂದಕ್ಕೆ ತಿರುಗಿಸಿದರೆ ಬ್ರೇಕ್ ಹಿಡಿಯಬೇಕು. ಹಿಂದಕ್ಕೆ ತಿರುಗಿಸಿದರೆ ಒಂದು ಕ್ಷಣ ಹಿಡಿದು ಆಮೇಲೆ ಬಿಡಬೇಕು. ಬಿಡದಿದ್ದರೆ ಶೂ ಮಡಚಿಕೊಳ್ಳುತ್ತಿಲ್ಲ. ಇನ್ನೊಂದು ಚಕ್ರಕ್ಕೂ ಇದನ್ನೇ ಮಾಡಿ. ನನ್ನದರಲ್ಲಿ ಎಡಗಡೆ ಸರಿ ಇತ್ತು, ಬಲಗಡೆ ಹಿಡಿದಿತ್ತು.

ತುಕ್ಕಾದರೆ ಡ್ರಮ್ ಬಿಚ್ಚಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಜಾಮ್ ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಲಿವರ್ ತಿರುಗುವ ಜಾಗಕ್ಕೆ ಮಾತ್ರ, ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಿ. ಶೂ ಮೇಲೆ ಡ್ರಮ್ಮಿಗೆ ಉಜ್ಜುವ ಪದರ, ಅಂದರೆ ಲೈನರಿಗೆ ಒಂದು ಹನಿಯೂ ತಾಗಬಾರದು. ತಾಗಿದರೆ ಆ ಲೈನರ್ ಹೋಯಿತೆಂದೇ ಲೆಕ್ಕ.

ಇನ್ನೊಂದು ಕಾರಣವೂ ಉಂಟು, ಇದನ್ನು ಬಹಳ ಜನ ತಾವಾಗಿಯೇ ಮಾಡಿಕೊಳ್ಳುತ್ತಾರೆ. ಬ್ರೇಕ್ ಚೆನ್ನಾಗಿ ಹಿಡಿಯಲಿ ಎಂದು ಕೇಬಲನ್ನೋ ರಾಡನ್ನೋ ಅತಿಯಾಗಿ ಬಿಗಿ ಮಾಡಿದರೆ ಶೂ ಮಡಚಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಆಟೋ ರಿವರ್ಸ್ ಹಬ್‌ನಲ್ಲಿ ಮೊದಲು ಡ್ರಮ್ಮಿನ ಶೂ ಸರಿಮಾಡಬೇಕು, ಕೇಬಲ್ ಆಮೇಲೆ. ಸರಿಮಾಡುವಾಗ ಚಕ್ರವನ್ನು ಮುಂದಕ್ಕೆ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಶೂ ಮಡಚಿಕೊಂಡು ಅಳತೆ ತಪ್ಪುತ್ತದೆ.

ನಾಲ್ಕನೇ ಹೆಜ್ಜೆ: ಹಬ್ ಬಿಸಿ ನೋಡಿದರೆ ಗೊತ್ತಾಗುತ್ತದೆ

ಗಾಡಿಯದ್ದೇ ಬ್ರೇಕ್ ಹಿಡಿದಿರಬಹುದು. ಸಮುದ್ರದ ಗಾಳಿಗೆ ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿಯುವುದು ನಮ್ಮಲ್ಲಿ ದಿನನಿತ್ಯದ ಮಾತು. ಲಿವರ್ ಕೆಳಗೆ ಬಂದಿರುತ್ತದೆ, ಶೂ ಮಾತ್ರ ಬಿಟ್ಟಿರುವುದಿಲ್ಲ.

ಟ್ರೇಲರ್ ಇಲ್ಲದೆ ಐದಾರು ಕಿಲೋಮೀಟರ್ ಹೋಗಿ ಬನ್ನಿ. ಸಂತೆಕಟ್ಟೆ ತನಕ ಹೈವೇಯಲ್ಲಿ ಹೋಗಿ ಬಂದರೂ ಆಯಿತು. ಬ್ರೇಕ್ ಆದಷ್ಟು ಕಡಿಮೆ ಒತ್ತಿ. ನಿಲ್ಲಿಸಿದ ಕೂಡಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ನೇರ ಮುಟ್ಟಬೇಡಿ. ಎಡ ಬಲ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಒಂದು ಕಡೆ ಮಾತ್ರ ಕಾದಿದ್ದರೆ ಅದೇ ಕಳ್ಳ. ತೋರಿಸಿ ಒತ್ತಿದರೆ ಬಿಸಿ ಹೇಳುವ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ.

ಐದನೇ ಹೆಜ್ಜೆ: ಏರಿನ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಏಕೆಂದರೆ ಎಷ್ಟೋ ಗಾಡಿಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಏರೇ ಜಾಸ್ತಿ, ಹಿಡಿತವೇ ಕಡಿಮೆ.

ನಮ್ಮಲ್ಲಿ ರಸ್ತೆಯಿಂದ ಅಂಗಳಕ್ಕೆ ಹೋಗುವ ದಾರಿ 6 ಅಡಿ ನಡೆದರೆ 1 ಅಡಿ ಏರುವುದು ಮಾಮೂಲು. ಗಾಡಿ 2,000 ಕೆಜಿ, ದೋಣಿ ಸೇರಿ ಟ್ರೇಲರ್ 1,500 ಕೆಜಿ ಎಂದಿಟ್ಟುಕೊಳ್ಳಿ. ಒಟ್ಟು 3,500. ಅದರ ಆರನೇ ಒಂದು ಪಾಲು, ಅಂದರೆ ಸುಮಾರು 580 ಕೆಜಿ ಭಾರವನ್ನು ಎತ್ತುವಷ್ಟು ಬಲ ಬರಿ ಏರಿಗೇ ಬೇಕು. ಗಟ್ಟಿ ಕಾಂಕ್ರೀಟ್ ಮೇಲೆ ಚಕ್ರ ಉರುಳಲು ಇನ್ನೊಂದು 50. ಒಟ್ಟು 630. ಸಡಿಲ ಹೊಯ್ಗೆಯಾದರೆ ಉರುಳಲೇ 350 ಅಥವಾ ಅದಕ್ಕಿಂತಲೂ ಜಾಸ್ತಿ ಬೇಕು.

ಈಗ ಹಿಡಿತ. ಹಿಂದಿನ ಚಕ್ರ ಮಾತ್ರ ತಿರುಗುವ ಖಾಲಿ ಪಿಕಪ್‌ನಲ್ಲಿ, ಹುಕ್ಕಿನ ಮೇಲಿನ ಭಾರವೂ ಸೇರಿ, ಹಿಂದಿನ ಆಕ್ಸಲ್ ಮೇಲೆ 900 ಕೆಜಿ ಇದೆ ಎನ್ನೋಣ. ಒಣ ಕಾಂಕ್ರೀಟ್‌ನಲ್ಲಿ ಅದರ ಸುಮಾರು 70 ಶೇಕಡಾ ಹಿಡಿತ ಸಿಕ್ಕಿದರೆ 630. ಕೂದಲೆಳೆಯಲ್ಲಿ ಪಾಸ್. ಮಳೆ ಬಿದ್ದು ಪಾಚಿ ಕಟ್ಟಿದ ಕೆಂಪುಕಲ್ಲಿನ ದಾರಿಯಲ್ಲಿ 30 ಶೇಕಡಾ ಸಿಕ್ಕಿದರೆ ಅದೇ ಪುಣ್ಯ. 270. ಎಂಜಿನ್ ಎಷ್ಟೇ ದೊಡ್ಡದಿರಲಿ, ಚಕ್ರ ಸುಮ್ನೆ ತಿರುಗುತ್ತದೆ.

"ಆದರೆ ಅದೇ ಏರಿನಲ್ಲಿ ಮುಂದೆ ಹತ್ತುತ್ತದಲ್ಲ?" ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮುಂದೆ ಹತ್ತುವಾಗ ಗಾಡಿಯ ಹಿಂಭಾಗ ಕೆಳಗಿರುತ್ತದೆ, ಭಾರ ಹಿಂದಿನ ಚಕ್ರದ ಕಡೆ ಬರುತ್ತದೆ. ತಿರುಗುವ ಚಕ್ರವೂ ಅದೇ. ರಿವರ್ಸ್ ಹತ್ತುವಾಗ ಮೂತಿ ಕೆಳಗೆ, ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಹಗುರ. ಏರಿನ ಮೇಲಿರುವ ಟ್ರೇಲರ್ ಹುಕ್ಕನ್ನು ಗಾಡಿಯ ಮೂತಿಯ ಕಡೆಗೆ ನೂಕುವುದರಿಂದಲೂ ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ.

ಇದಕ್ಕೆ ಮದ್ದು ಗ್ಯಾರೇಜಿನಲ್ಲಿಲ್ಲ. ಹಿಂದಿನ ಆಕ್ಸಲ್‌ನ ನೇರ ಮೇಲೆ 50 ಕೆಜಿಯ ಆರು ಹೊಯ್ಗೆ ಚೀಲ ಹಾಕಿ. ಗಾಡಿಯ ಲೋಡ್ ಮಿತಿಯೊಳಗೆ ಇರಲಿ, ಚೀಲ ಜಾರದ ಹಾಗೆ ಕಟ್ಟಿ. ಪಾಚಿಯನ್ನು ಗಟ್ಟಿ ಪೊರಕೆಯಲ್ಲಿ ಉಜ್ಜಿ ತೆಗೆಯಿರಿ. ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆ) ಇದ್ದರೆ ಹಾಕಿ. ಆಗ ಗಾಡಿಯ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ. ಹುಕ್ಕಿನ ಮೇಲಿನ ಭಾರವೂ ಸೇರಿ 2,100 ಕೆಜಿ ಎಂದರೆ, ಪಾಚಿಯ ಮೇಲೂ ಅದರ 30 ಶೇಕಡಾ, ಅಂದರೆ 630. ಎಷ್ಟು ವ್ಯತ್ಯಾಸ ನೋಡಿ!

ಟೈರ್ ಸವೆದಿದೆಯೇ ಎಂದೂ ನೋಡಿ. ಹೊಯ್ಗೆಯಲ್ಲಾದರೆ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರ್ ಅಗಲವಾಗಿ ಕೂರುತ್ತದೆ. ಚಕ್ರದಡಿ ತೆಂಗಿನ ಗರಿಯ ಮಡಲು ಹಾಸುವುದು ನಮ್ಮ ಹಿರಿಯರ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. ರಸ್ತೆಗೆ ಹತ್ತುವ ಮೊದಲು ಗಾಳಿ ಮತ್ತೆ ತುಂಬಿಸಲು ಮರೆಯಬೇಡಿ.

ಕೋನವನ್ನೂ ಗಮನಿಸಿ. ಟ್ರೇಲರ್ ಗಾಡಿಗೆ ಅಡ್ಡ ತಿರುಗಿ ನಿಂತಿದ್ದರೆ ನಿಮ್ಮ ಬಲದ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. ಎರಡು ಆಕ್ಸಲ್‌ನ ಟ್ರೇಲರ್ ಆದರೆ ಚಕ್ರಗಳು ಉರುಳುವ ಬದಲು ಅಡ್ಡ ಉಜ್ಜುತ್ತವೆ. ಸಮತಟ್ಟಿನಲ್ಲೇ ನೇರ ಮಾಡಿಕೊಂಡು ಆಮೇಲೆ ಏರಿಗೆ ಹೋಗಿ.

ಆರನೇ ಹೆಜ್ಜೆ: ಮ್ಯಾನುವಲ್ ಗಾಡಿಯ ಕ್ಲಚ್

ಮ್ಯಾನುವಲ್ ಗೇರ್‌ಬಾಕ್ಸ್‌ನಲ್ಲಿ ಗೇರು ಜಾರುವುದಿಲ್ಲ. ಹಲ್ಲಿಗೆ ಹಲ್ಲು ಕೂತಿದ್ದರೆ ತಿರುಗಿಸುತ್ತದೆ, ಇಲ್ಲದಿದ್ದರೆ ಕರಕರ ಎಂದು ಹೊರಗೆ ಹಾರುತ್ತದೆ. ರಿವರ್ಸ್‌ನಲ್ಲಿ ಊಂ ಎನ್ನುವ ಸದ್ದು ಬಹಳ ಗಾಡಿಗಳಲ್ಲಿ ಮೊದಲಿಂದಲೂ ಇರುತ್ತದೆ, ಹಲ್ಲು ನೇರ ಕೊರೆದಿರುವುದರಿಂದ. ಅದಕ್ಕೆ ಹೆದರಬೇಡಿ. ಲೋಡ್ ಬಿದ್ದಾಗ ಗೇರ್ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಮಾತ್ರ ಲಿಂಕೇಜ್ ಮತ್ತು ಒಳಗಿನ ಫೋರ್ಕ್ ನೋಡಿಸಿ.

ಕ್ಲಚ್ ಪರೀಕ್ಷೆ ಒಂದೇ ಸಲ ಸಾಕು. ಸಮತಟ್ಟು ಜಾಗ, ಮುಂದೆ ಹಿಂದೆ ಯಾರೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಕಾಲ್ಬ್ರೇಕನ್ನೂ ಒತ್ತಿ, ಮೂರನೇ ಅಥವಾ ನಾಲ್ಕನೇ ಗೇರ್ ಹಾಕಿ. ನಿಧಾನ ಕ್ಲಚ್ ಬಿಡಿ. ಎಂಜಿನ್ ಕೂಡಲೆ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಕಾಲು ಪೂರ್ತಿ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಜಾರುತ್ತಿದೆ, ತಕ್ಷಣ ಕ್ಲಚ್ ಒತ್ತಿ. ಇದನ್ನು ಮತ್ತೆ ಮತ್ತೆ ಮಾಡಿದರೆ ಇದ್ದ ಪ್ಲೇಟೂ ಸುಡುತ್ತದೆ.

ಜಾರುತ್ತಿದ್ದರೆ ಪ್ಲೇಟ್ ಬದಲಿಸುವ ಮೊದಲು ಪೆಡಲ್ ನೋಡಿ. ಮೇಲ್ಗಡೆ ಸ್ವಲ್ಪ ಸಡಿಲ ಆಟ ಇರಬೇಕು. ಅದಿಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದ ಹಾಗೇ ಇರುತ್ತದೆ. ಕೇಬಲ್ ಅಥವಾ ರಾಡ್ ಸರಿಮಾಡಿದರೆ ಮುಗಿಯಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿ ಪ್ಲೇಟಿಗೆ ಎಣ್ಣೆ ತಾಗಿರಬಹುದು. ಆಗ ಪ್ಲೇಟ್ ಜೊತೆ ಸೀಲನ್ನೂ ಹಾಕಿಸಿ. ಪ್ಲೇಟ್ ಮಾತ್ರ ಹಾಕಿಸಿದರೆ ಅದಕ್ಕೂ ಎಣ್ಣೆ ತಾಗಿ ಮತ್ತೆ ಇದೇ ಕತೆ.

ಏಳನೇ ಹೆಜ್ಜೆ: ಆಟೋಮ್ಯಾಟಿಕ್ ಆದರೆ

ಆಟೋಮ್ಯಾಟಿಕ್ ಗಾಡಿಯಲ್ಲಿ ರಿವರ್ಸ್ ನಿಜಕ್ಕೂ ಬೇರೆಯೇ. ಒಳಗೆ ಎಣ್ಣೆಯ ಒತ್ತಡದಿಂದ ಕ್ಲಚ್‌ಗಳು ಹಿಡಿಯುತ್ತವೆ. ರಿವರ್ಸ್‌ನಲ್ಲಿ ಅವುಗಳ ಮೇಲೆ ಬೀಳುವ ಬಲ ಜಾಸ್ತಿ, ಹಾಗಾಗಿ ಒತ್ತಡವೂ ಜಾಸ್ತಿ ಬೇಕು. ಎಣ್ಣೆ ಕಡಿಮೆಯಾದರೆ, ಪಂಪ್ ಸೋತರೆ, ಸೀಲ್ ಗಟ್ಟಿಯಾದರೆ ಮೊದಲು ಸೊರಗುವುದು ಎಷ್ಟೋ ಸಲ ರಿವರ್ಸೇ.

ಎಣ್ಣೆ ಮೊದಲು. ಡಿಪ್‌ಸ್ಟಿಕ್ ಇದ್ದರೆ ಗಾಡಿಯನ್ನು ಸ್ವಲ್ಪ ಓಡಿಸಿ ಎಣ್ಣೆ ಬಿಸಿಯಾದ ಮೇಲೆ, ಸಮತಟ್ಟಿನಲ್ಲಿ, ಪುಸ್ತಕದಲ್ಲಿ ಹೇಳಿದ ಹಾಗೆ ನೋಡಿ. ಹೆಚ್ಚಿನವುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಡಿಪ್‌ಸ್ಟಿಕ್ ಇಲ್ಲದ ಹೊಸ ಗಾಡಿಗಳಲ್ಲಿ ಎಣ್ಣೆಯ ಬಿಸಿ ಅಳೆದು, ಕೆಳಗಿನ ಪ್ಲಗ್ ತೆಗೆದು ಮಟ್ಟ ನೋಡುತ್ತಾರೆ. ಅದು ಗ್ಯಾರೇಜಿನ ಕೆಲಸ. ಬಿಳಿ ಬಟ್ಟೆಗೆ ಒಂದು ಹನಿ ಹಾಕಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸುಟ್ಟಿದೆ. ಬಣ್ಣ ಚೆನ್ನಾಗಿದ್ದು ಮಟ್ಟ ಮಾತ್ರ ಇಳಿದಿದ್ದರೆ ಸೋರಿಕೆ ಹುಡುಕಿ. ಮಟ್ಟ ಕಡಿಮೆ ಇರುವಾಗ ಕಡಿದಾದ ಏರಿನಲ್ಲಿ ಎಣ್ಣೆ ಒಂದು ಕಡೆ ವಾಲಿ ಪಂಪಿಗೆ ಸಿಗದೆ ಹೋಗಬಹುದು. ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಜಾರುತ್ತದೆ ಎಂದಾಗ ಇದನ್ನು ನೆನಪಿಡಿ.

ಆಮೇಲಿನದ್ದು ಸ್ಟಾಲ್ ಟೆಸ್ಟ್. ಕಂಪನಿ ಬೇಡ ಎಂದಿರುವ ಗಾಡಿಗೆ ಇದನ್ನು ಮಾಡಬಾರದು, ತಿಳಿದ ಮೆಕ್ಯಾನಿಕ್ ಪಕ್ಕದಲ್ಲಿರಲಿ. ನಾಲ್ಕೂ ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ಗಟ್ಟಿ ಒತ್ತಿ, ಡಿಯಲ್ಲಿ (ಮುಂದೆ ಹೋಗುವ ಗೇರ್) ಆಕ್ಸಿಲರೇಟರ್ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡುವುದು. 5 ಸೆಕೆಂಡಿಗಿಂತ ಜಾಸ್ತಿ ಬೇಡ. ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ತಣಿಸಿ ಆರ್‌ನಲ್ಲೂ (ರಿವರ್ಸ್) ಅದೇ. ಡಿಗಿಂತ ಆರ್‌ನಲ್ಲಿ ಮುಳ್ಳು ತುಂಬ ಮೇಲೆ ಹೋದರೆ ರಿವರ್ಸಿನ ಕ್ಲಚ್ ಜಾರುತ್ತಿದೆ. ಎರಡರಲ್ಲೂ ಅಳತೆಗಿಂತ ಮೇಲೆ ಹೋದರೆ ಎಣ್ಣೆ ಅಥವಾ ಒತ್ತಡ ಕಡಿಮೆ. ಎರಡರಲ್ಲೂ ಕೆಳಗೇ ನಿಂತರೆ ಎಂಜಿನ್ ಅಥವಾ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ).

ಇದರ ಜೊತೆ ಒಂದು ಸುಲಭ ಸುಳಿವು. ಎಷ್ಟೋ ಆಟೋಮ್ಯಾಟಿಕ್‌ಗಳಲ್ಲಿ ರಿವರ್ಸಿಗೆ ಹಿಡಿಯುವ ಒಂದು ಕ್ಲಚ್ಚೇ ಎಲ್ ಅಥವಾ ಒಂದನೇ ಗೇರಿನಲ್ಲಿ ಇಳಿಜಾರಿನ ಎಂಜಿನ್ ಬ್ರೇಕಿಗೂ ಹಿಡಿಯುತ್ತದೆ. ಎಲ್‌ನಲ್ಲಿಟ್ಟು ಇಳಿಯುವಾಗ ಗಾಡಿ ತಡೆದು ಹಿಡಿಯದೆ ಹಗುರವಾಗಿ ಓಡಿದರೆ ಸಂಶಯ ಆ ಕ್ಲಚ್ ಮೇಲೆ. ಮೆಕ್ಯಾನಿಕ್‌ಗೆ ಇಷ್ಟು ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ.

ಕೆಲವು ಹೊಸ ಗಾಡಿಗಳಲ್ಲಿ ರಿವರ್ಸ್ ಹಾಕಿದಾಗ ಎಂಜಿನ್ ಪೂರ್ತಿ ಬಲ ಕೊಡದ ಹಾಗೆ ಕಂಪ್ಯೂಟರೇ ತಡೆಯುತ್ತದೆ. ಚಕ್ರ ಸ್ವಲ್ಪ ಜಾರಿದರೂ ಟ್ರಾಕ್ಷನ್ ಕಂಟ್ರೋಲ್ ಬಲ ಕತ್ತರಿಸುತ್ತದೆ. ಹೊಯ್ಗೆ, ಕೆಸರಿನಲ್ಲಿ ಅದನ್ನು ಆಫ್ ಮಾಡಿ ಒಮ್ಮೆ ನೋಡಿ. ಮೀಟರಿನಲ್ಲಿ ಎಂಜಿನ್ ಲೈಟ್ ಇದ್ದರೆ ಸ್ಕ್ಯಾನರ್ ಹಾಕಿಸದೆ ಏನನ್ನೂ ಬಿಚ್ಚಿಸಬೇಡಿ.

ಎಂಟನೇ ಹೆಜ್ಜೆ: ಎಂಜಿನ್

ಎಂಜಿನ್ ಸೊರಗಿದ್ದರೆ ಮುಂದೆ ಹೋಗುವಾಗಲೂ ಗೊತ್ತಾಗುತ್ತದೆ. ಇಂದ್ರಾಳಿ ಸೇತುವೆ ದಾಟಿ ಮಣಿಪಾಲಕ್ಕೆ ಹತ್ತುವ ಏರಿನಲ್ಲಿ ಯಾವಾಗಲೂ ಹೋಗುವ ಗೇರಿನಲ್ಲೇ ಹೋಗುತ್ತದೆಯೇ? ಮಂಗಳೂರಿನವರಿಗೆ ಬಾವುಟಗುಡ್ಡೆ ಹತ್ತಿದರೆ ಸಾಕು. ಗೇರ್ ಇಳಿಸಬೇಕಾದರೆ ಏರ್ ಫಿಲ್ಟರ್, ನೀರು ಸೇರಿದ ಡೀಸೆಲ್ ಫಿಲ್ಟರ್, ಟರ್ಬೊ ಹೋಸಿನ ಸೀಳು ನೋಡಿಸಿ.

ರಿವರ್ಸ್‌ಗೆ ಮಾತ್ರ ಸಂಬಂಧಿಸಿದ ಒಂದು ಸೂಕ್ಷ್ಮ ಇದೆ. ರಿವರ್ಸ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎದುರು ದಿಕ್ಕಿಗೆ ತಿರುಚಿಕೊಳ್ಳುತ್ತವೆ. ಮೌಂಟಿಂಗ್ ರಬ್ಬರ್ ಹರಿದಿದ್ದರೆ ಎಂಜಿನ್ ಒಂದು ಕಡೆ ಏಳುತ್ತದೆ. ಆಗ ಸೀಳಿದ ಹೋಸ್ ಬಾಯಿ ಬಿಡಬಹುದು, ವಯರ್ ಎಳೆಯಬಹುದು. ಬಾನೆಟ್ ತೆರೆದಿಟ್ಟು, ಚಾಲಕರು ಬ್ರೇಕ್ ಒತ್ತಿ ರಿವರ್ಸ್ ಹಾಕಿ ಕ್ಲಚ್ ಸ್ವಲ್ಪ ಹಿಡಿಸಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಎಂಜಿನ್ ಗಕ್ಕನೆ ಎದ್ದರೆ ಮೌಂಟಿಂಗ್ ಬದಲಿಸಿ.

ಇನ್ನು ಟರ್ಬೊ ಡೀಸೆಲ್‌ಗಳಲ್ಲಿ ಆರ್‌ಪಿಎಂ ತೀರ ಕೆಳಗಿರುವಾಗ ಟರ್ಬೊ ಕೆಲಸಕ್ಕೆ ಬರುವುದಿಲ್ಲ. ರಿವರ್ಸ್‌ನಲ್ಲಿ ಹೆದರಿಕೆಯಿಂದ ನಾವು ಎಂಜಿನ್ ಏರಲು ಬಿಡುವುದಿಲ್ಲ, ಏರಿನ ಮಧ್ಯೆ ಎಂಜಿನ್ ಕೂರುತ್ತದೆ. ಇದಕ್ಕೆ ಸರಿಯಾದ ಉತ್ತರ ಕ್ಲಚ್ ಸುಡುವುದಲ್ಲ, ಫೋರ್ ಬೈ ಫೋರ್‌ನ ಲೋ ರೇಂಜ್. ಹೆಚ್ಚಿನ ಪಿಕಪ್‌ಗಳಲ್ಲಿ ಅದು ಚಕ್ರಕ್ಕೆ ಹೋಗುವ ಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ, ವೇಗ ಅಷ್ಟೇ ಇಳಿಯುತ್ತದೆ. ಆದರೆ ಒಣ ಕಾಂಕ್ರೀಟ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಫೋರ್ ಬೈ ಫೋರ್ ಓಡಿಸಬೇಡಿ. ಮುಂದಿನ ಹಿಂದಿನ ಚಕ್ರ ಒಂದನ್ನೊಂದು ಎಳೆದಾಡಿ ಗಾಡಿ ಮತ್ತೆ ಬಿಗಿಯುತ್ತದೆ, ನಿಮಗೆ ಪುನಃ ಪುಲ್ಲಿಂಗ್ ಇಲ್ಲ ಅನಿಸುತ್ತದೆ.

ಗ್ಯಾರೇಜಿಗೆ ಹೋಗಲೇಬೇಕಾದರೆ

ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟ್ರೇಲರ್ ಇಲ್ಲದೆ ಅದೇ ಏರು ಹತ್ತಿತೋ ಇಲ್ಲವೋ. ಮುಳ್ಳು ಏರಿತೋ ಇಳಿಯಿತೋ. ಚಕ್ರ ತಿರುಗಿತೋ ಇಲ್ಲವೋ. ಯಾವ ಹಬ್ ಬಿಸಿ. ಒಂದನೇ ಗೇರಿನಲ್ಲಿ ಹೇಗೆ. "ಪುಲ್ಲಿಂಗ್ ಇಲ್ಲ, ನೋಡಿ" ಎಂದಷ್ಟೇ ಹೇಳಿ ಗಾಡಿ ಬಿಟ್ಟು ಬಂದರೆ ನನಗಾದದ್ದೇ ನಿಮಗೂ ಆಗಬಹುದು.

ದೋಣಿ ಇಳಿಸಿ ಬಂದ ದಿನವೇ ಟ್ರೇಲರಿನ ಹಬ್, ಹುಕ್ಕಿನ ರಾಡ್, ಪ್ಲಗ್ ಎಲ್ಲಕ್ಕೂ ಬಾವಿ ನೀರು ಹೊಡೆಯಿರಿ. ಆದರೆ ಓಡಿಸಿ ಬಂದ ಹಬ್ ತಣಿಯುವ ತನಕ ಉಪ್ಪುನೀರಿಗೆ ಇಳಿಸಬೇಡಿ. ಬಿಸಿ ಹಬ್ ಒಮ್ಮೆಲೆ ತಣಿದಾಗ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೇರಿಂಗ್ ಹಾಳಾಗುವುದು ಹಾಗೆ. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಟ್ರೇಲರಿನ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಚಕ್ರಕ್ಕೆ ಕಲ್ಲು ಕೊಟ್ಟು ಬ್ರೇಕ್ ಬಿಟ್ಟಿಡಿ. ಎಳೆದಿಟ್ಟ ಶೂ ಆಗಸ್ಟ್ ಬರುವಷ್ಟರಲ್ಲಿ ಡ್ರಮ್ಮಿಗೆ ಅಂಟಿರುತ್ತದೆ.